ಬಾವಿ ಚೊಕ್ಕ, ನಿಮ್ಮ ಬಾಟಲಿ?

ಹಜ್‌ಗೆ ಹೊರಡುವವರ ತರಬೇತಿ ಶಿಬಿರಗಳಲ್ಲಿ ಆರೋಗ್ಯದ ಬಗ್ಗೆ ಮಾತಾಡಲು ನನ್ನನ್ನು ಆಗಾಗ ಕರೆಯುತ್ತಾರೆ. ಲಸಿಕೆ, ಮಾತ್ರೆ, ಚಪ್ಪಲಿ ಎಲ್ಲವನ್ನೂ ಹೇಳಿ ಮುಗಿಸುತ್ತೇನೆ. ಆಮೇಲೆ ಏಳುವ ಕೈಗಳೆಲ್ಲ ಕೇಳುವುದು ನೀರಿನ ಬಗ್ಗೆಯೇ. ಈ ಸಲ ಅಂಕಣಕ್ಕೆ ಬಂದ ಪತ್ರಗಳದ್ದೂ ಅದೇ ಕಥೆ.

ಅಬ್ಬಾ, ಅಮ್ಮಿ ಈ ವರ್ಷ ಬೆಂಗಳೂರಿನಿಂದ ಹಜ್‌ಗೆ ಹೊರಟಿದ್ದಾರೆ. ಹೋಗಿ ಬಂದ ಪಕ್ಕದ ಮನೆ ಚಾಚಾ, ‘ಅಲ್ಲಿ ಎಲ್ಲರಿಗೂ ಕೆಮ್ಮು, ಭೇದಿ ಹಿಡಿಯುತ್ತೆ, ತಣ್ಣಗಿನ ಝಂಝಂ ನೀರು ಕುಡಿಯಬೇಡಿ’ ಎಂದು ಹೆದರಿಸಿದ್ದಾರೆ. ಹರಮ್‌ನಲ್ಲಿ (ಮಕ್ಕಾದ ದೊಡ್ಡ ಮಸೀದಿ) ಇಟ್ಟಿರುವ ನೀರನ್ನು ಹಾಗೇ ಕುಡಿಯಬಹುದಾ? ರೂಮಿನ ನಲ್ಲಿ ನೀರು?
(ದಾವಣಗೆರೆಯ ಓದುಗರು)

ಹರಮ್‌ನ ನೀರನ್ನು ಹಾಗೇ ಕುಡಿಯಬಹುದು. ಆ ನೀರು ಬರುವ ದಾರಿ ಗೊತ್ತಾದರೆ ನಿಮ್ಮ ಅರ್ಧ ಭಯ ಹೋಗುತ್ತದೆ.

ಅದು ಝಂಝಂ ನೀರೇ. ಝಂಝಂ ಬಾವಿ ಕಾಬಾದಿಂದ ಸುಮಾರು 20 ಮೀಟರ್ ದೂರದಲ್ಲಿದೆ. ಆಳ ಸುಮಾರು 30 ಮೀಟರ್. ಮೇಲಿನ ಭಾಗ ಹಳ್ಳದ ಮರಳು-ಮಣ್ಣು, ಕೆಳಗಿನದು ಗಟ್ಟಿ ಬಂಡೆ. ನಮ್ಮ ಊರುಗಳ ಹಳೆಯ ತೋಡುಬಾವಿಯಂತೆ ಇದನ್ನೂ ಕೈಯಲ್ಲೇ ತೋಡಿದ್ದು. ಈಗ ಅಲ್ಲಿ ಯಾರೂ ಹಗ್ಗ, ಬಕೆಟ್ ಇಳಿಸುವುದಿಲ್ಲ. ನೀರನ್ನು ಪಂಪ್ ಮಾಡಿ ಕುದೈ ಎಂಬಲ್ಲಿರುವ ಘಟಕಕ್ಕೆ ಕಳಿಸುತ್ತಾರೆ. 2010ರಲ್ಲಿ ಶುರುವಾದ ಈ ಘಟಕದಲ್ಲಿ ನೀರನ್ನು ಸೋಸಿ, ಅಲ್ಟ್ರಾವಯಲೆಟ್ ಬೆಳಕಿಗೆ ಒಡ್ಡಿ ರೋಗಾಣುಗಳನ್ನು ಕೊಲ್ಲುತ್ತಾರೆ. ಮದೀನಾದ ಮಸೀದಿಗೂ ಇದೇ ನೀರು ಟ್ಯಾಂಕರ್‌ಗಳಲ್ಲಿ ಹೋಗುತ್ತದೆ.

ಆದರೆ ಈ ಬೆಳಕು ಆ ಗಳಿಗೆಯಲ್ಲಿ ನೀರಿನಲ್ಲಿರುವ ರೋಗಾಣುವನ್ನು ಮಾತ್ರ ಕೊಲ್ಲುತ್ತದೆ. ನಾಳೆ ನಿಮ್ಮ ಬಾಟಲಿಯಲ್ಲಿ ಹೊಸದಾಗಿ ಸೇರುವುದನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಹಾಗಾಗಿ ನಾನು ಕೇಳುವುದು ಬಾವಿಯ ಬಗ್ಗೆ ಅಲ್ಲ, ಬಾಟಲಿಯ ಬಗ್ಗೆ. ಊರಿಂದ ತಂದ ಅದೇ ಹಳೆ ಬಾಟಲಿ, ಹತ್ತು ದಿನ ತೊಳೆದಿಲ್ಲ. ಗಂಡ, ಹೆಂಡತಿ, ಜೊತೆಗೆ ಬಂದ ಖಾಲಾ ಎಲ್ಲರೂ ಬಾಯಿಟ್ಟು ಕುಡಿದಿದ್ದಾರೆ. ಅದರ ಬಾಯನ್ನೇ ನಲ್ಲಿಗೆ ಒತ್ತಿ ಮತ್ತೆ ತುಂಬುತ್ತಾರೆ. ಅಲ್ಲೇ ಕುಡಿಯುವುದಾದರೆ ಒಮ್ಮೆ ಬಳಸಿ ಎಸೆಯುವ ಲೋಟ ಇಟ್ಟಿರುತ್ತಾರೆ, ಅದನ್ನೇ ತಗೊಳ್ಳಿ. ಬಿಸಾಡಿದ ಲೋಟವನ್ನು ‘ಚೆನ್ನಾಗೇ ಇದೆಯಲ್ಲ’ ಎಂದು ಮತ್ತೆ ಎತ್ತಿಕೊಳ್ಳಬೇಡಿ. ನಗಬೇಡಿ, ನಮ್ಮವರ ಉಳಿತಾಯದ ಬುದ್ಧಿ ಮಕ್ಕಾದಲ್ಲೂ ಬಿಡುವುದಿಲ್ಲ.

ತಣ್ಣೀರಿಗೂ ಕೆಮ್ಮಿಗೂ ಚಾಚಾ ಹಾಕಿದ ಗಂಟನ್ನು ಬಿಚ್ಚಿಬಿಡಿ. ಹಜ್‌ನಲ್ಲಿ ಬರುವ ಕೆಮ್ಮು ಬಹುಪಾಲು ವೈರಸ್‌ನಿಂದ. ಲಕ್ಷಗಟ್ಟಲೆ ಜನ ಒಬ್ಬರ ಉಸಿರಿಗೆ ಒಬ್ಬರು ನಿಂತಾಗ ಹರಡುತ್ತದೆ. ಅದಕ್ಕೆ ಮಾಸ್ಕ್ ಬೇಕು. ತಣ್ಣೀರು ಗಂಟಲಿಗೆ ಆಗದವರು ತಣ್ಣಗೆ ಮಾಡದ ನೀರಿನ ಕ್ಯಾನ್ ಕೇಳಿ ಪಡೆಯಬಹುದು, ಅಲ್ಲೇ ಬೇರೆಯಾಗಿ ಇಟ್ಟಿರುತ್ತಾರೆ. ಕೆಮ್ಮಿನ ಹೆದರಿಕೆಯಿಂದ ನೀರನ್ನೇ ಬಿಡುವುದು ಮಾತ್ರ ದೊಡ್ಡ ತಪ್ಪು.

ರೂಮಿನ ನಲ್ಲಿಗೆ ಬರುವುದು ಹೆಚ್ಚಾಗಿ ಉಪ್ಪು ತೆಗೆದ ಸಮುದ್ರದ ನೀರು. ಕೆಂಪು ಸಮುದ್ರದ ದಡದ ಶುಐಬಾ ಘಟಕದಿಂದ ಕೊಳವೆಯಲ್ಲಿ ಮಕ್ಕಾಗೆ ಹರಿದು ಬರುತ್ತದೆ. ಘಟಕದಿಂದ ಹೊರಟಾಗ ಚೊಕ್ಕವಾಗೇ ಇರುತ್ತದೆ. ಆಮೇಲೆ ಕಟ್ಟಡದ ಟ್ಯಾಂಕ್ ಸೇರುತ್ತದೆ. ಟ್ಯಾಂಕನ್ನು ಯಾವಾಗ ತೊಳೆದರು ಎಂದು ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೇ ನಮಗೆ ಗೊತ್ತಿರಲ್ಲ, ಅಲ್ವಾ? ವುಝೂಗೆ (ನಮಾಜಿಗೆ ಮುಂಚೆ ಕೈಕಾಲು, ಮುಖ ತೊಳೆಯಲು), ಸ್ನಾನಕ್ಕೆ ಬಳಸಿ. ಕುಡಿಯಲು ಸೀಲ್ ಇರುವ ಬಾಟಲಿ ಅಥವಾ ಕುದಿಸಿ ಆರಿಸಿದ ನೀರು.

ಇನ್ನು ಭೇದಿ. ಅದರಲ್ಲಿ ನೀರಿಗಿಂತ ಊಟದ ಪಾಲು ಜಾಸ್ತಿ. ಮಧ್ಯಾಹ್ನ ಕೊಟ್ಟ ಬಿರಿಯಾನಿ ಪೊಟ್ಟಣವನ್ನು ‘ರಾತ್ರಿಗಾಯ್ತು’ ಎಂದು ಯಾತ್ರಿಗಳು ತಂಗುವ ಮಿನಾದ ಡೇರೆಯಲ್ಲಿ ಎತ್ತಿಟ್ಟರೆ ಹೊಟ್ಟೆ ಕೆಡದೆ ಇರುತ್ತಾ? ಬೀದಿಯಲ್ಲಿ ಕತ್ತರಿಸಿಟ್ಟ ಹಣ್ಣು, ಐಸ್ ಹಾಕಿದ ಜ್ಯೂಸ್ ಕೂಡ ಬೇಡ.

ಉಮ್ಮನಿಗೆ 66 ವರ್ಷ. ಸಕ್ಕರೆ ಕಾಯಿಲೆ, ಬಿಪಿ ಎರಡೂ ಇದೆ. ಪದೇ ಪದೇ ಶೌಚಾಲಯಕ್ಕೆ ಹೋಗಬೇಕಾಗುತ್ತದೆ ಎಂದು ಪ್ರಯಾಣದಲ್ಲಿ ನೀರೇ ಕುಡಿಯುವುದಿಲ್ಲ. ಬಿಸಿಲಲ್ಲಿ ಎಷ್ಟು ಕುಡಿಯಬೇಕು? ಓಆರ್‌ಎಸ್‌ನಲ್ಲಿ ಸಕ್ಕರೆ ಇರುತ್ತಲ್ಲ, ಕೊಡಬಹುದಾ?
(ಉಳ್ಳಾಲದ ಓದುಗರು)

ಬಂದ ಪತ್ರಗಳಲ್ಲಿ ನನಗೆ ನಿಜಕ್ಕೂ ಚಿಂತೆ ಹುಟ್ಟಿಸಿದ್ದು ಇದೊಂದೇ. ಕೊಳಕು ನೀರಿಗಿಂತ, ಕುಡಿಯದೇ ಬಿಟ್ಟ ನೀರು ಇವತ್ತಿನ ಹಜ್‌ನಲ್ಲಿ ಹೆಚ್ಚು ಅಪಾಯ.

ಹಜ್ ನಡೆಯುವ ತಿಂಗಳ ಎಂಟನೇ ದಿನಕ್ಕೆ ‘ತರ್ವಿಯಾ’ ಎಂಬ ಹೆಸರಿದೆ. ನೀರು ತುಂಬಿಕೊಳ್ಳುವ ದಿನ ಎಂದು ಅರ್ಥ. ಮರುದಿನ ಯಾತ್ರಿಗಳು ಸೇರುವ ಅರಫಾ ಬಯಲಲ್ಲಿ ನೀರಿರಲಿಲ್ಲ. ಹಿಂದಿನ ದಿನವೇ ಚರ್ಮದ ಚೀಲಗಳಲ್ಲಿ ತುಂಬಿಕೊಂಡು ಹೊರಡುತ್ತಿದ್ದರು. ಅಬ್ಬಾಸಿ ಖಲೀಫ ಹಾರೂನ್ ರಶೀದನ ಹೆಂಡತಿ ಜುಬೈದಾ ಯಾತ್ರಿಗಳ ಬಾಯಾರಿಕೆ ನೋಡಲಾರದೆ ಬೆಟ್ಟಗಳಿಂದ ಕಾಲುವೆಯನ್ನೇ ಕಟ್ಟಿಸಿದಳು. ಈಗ ಹೆಜ್ಜೆಗೊಂದು ಕಡೆ ಬಾಟಲಿ ಸಿಗುತ್ತದೆ. ಆದರೂ ಜನ ಬಾಯಾರಿ ಬೀಳುತ್ತಾರೆ. 2024ರ ಹಜ್‌ನಲ್ಲಿ ಮಕ್ಕಾದ ಬಿಸಿಲು 50 ಡಿಗ್ರಿ ದಾಟಿತ್ತು. 1,301 ಜನ ತೀರಿಕೊಂಡರೆಂದು ಸೌದಿ ಸರ್ಕಾರವೇ ಹೇಳಿತು. ಅವರಲ್ಲಿ ಹೆಚ್ಚಿನವರು ಪರವಾನಗಿ ಇಲ್ಲದೆ ಬಂದು, ಡೇರೆಯ ನೆರಳೂ ಇಲ್ಲದೆ ಬಿಸಿಲಲ್ಲಿ ದೂರ ನಡೆದವರು.

ಹೆಂಗಸರು ಏಕೆ ಕುಡಿಯುವುದಿಲ್ಲ ಎಂದು ನಿಮ್ಮ ಉಮ್ಮನ ಮಾತಿನಲ್ಲೇ ಇದೆ. ಮಿನಾ, ಅರಫಾದಲ್ಲಿ ಶೌಚಾಲಯದ ಸಾಲು ಉದ್ದ. ಇದಕ್ಕೆ ನನ್ನ ಹತ್ತಿರ ಜಾಣ ಉಪಾಯ ಏನೂ ಇಲ್ಲ. ಬೇಕು ಅನ್ನಿಸುವ ಮೊದಲೇ ಸಾಲಿಗೆ ನಿಲ್ಲಲಿ. ಹಜ್‌ಗೆ ಹೋಗುವ ಮುಂಚೆಯೇ ಮೂತ್ರದ ಸೋಂಕು ಇದೆಯೇ ಎಂದು ಪರೀಕ್ಷೆ ಮಾಡಿಸಿ. ಸಕ್ಕರೆ ಕಾಯಿಲೆಯ ಹೆಂಗಸರಲ್ಲಿ ಪದೇ ಪದೇ ಹೋಗುವುದಕ್ಕೆ ಅದೇ ಕಾರಣ ಇರಬಹುದು.

ಎಷ್ಟು ಕುಡಿಯಬೇಕು ಎಂದರೆ ಬಿಸಿಲಲ್ಲಿರುವಷ್ಟು ಹೊತ್ತು ಕಾಲು ಗಂಟೆ, ಇಪ್ಪತ್ತು ನಿಮಿಷಕ್ಕೊಮ್ಮೆ ಅರ್ಧದಿಂದ ಒಂದು ಲೋಟ. ಬಾಯಾರುವವರೆಗೆ ಕಾಯಬಾರದು. ವಯಸ್ಸಾದ ಮೇಲೆ ಬಾಯಾರಿಕೆಯೇ ಸರಿಯಾಗಿ ಗೊತ್ತಾಗಲ್ಲ. ಮೂತ್ರ ಗಾಢ ಹಳದಿಯಾದರೆ ನೀರು ಸಾಲುತ್ತಿಲ್ಲ ಎಂದೇ ಅರ್ಥ. ಸುಮ್ನೆ ಒಂದೇ ಸಲಕ್ಕೆ ಎರಡು ಲೀಟರ್ ಸುರಿದುಕೊಳ್ಳುವುದೂ ಬೇಡ, ರಕ್ತದ ಉಪ್ಪಿನಂಶ ತೀರಾ ಇಳಿಯುತ್ತದೆ.

ಈ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಹೃದಯ ದುರ್ಬಲವಾದವರು, ಕಿಡ್ನಿ ಕಾಯಿಲೆಯವರು, ಡಯಾಲಿಸಿಸ್‌ನಲ್ಲಿ ಇರುವವರು ತಮ್ಮ ಡಾಕ್ಟರ್ ಹಾಕಿಕೊಟ್ಟ ಮಿತಿಯಲ್ಲೇ ಇರಬೇಕು. ಬಿಪಿಗೆ ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಳ್ಳುವವರು ಹೊರಡುವ ಮೊದಲೇ ಕೇಳಿಕೊಳ್ಳಿ. ತಾವಾಗಿಯೇ ಮಾತ್ರೆ ಬಿಡಬೇಡಿ.

ಓಆರ್‌ಎಸ್ ಕೊಡಬಹುದು. ಭೇದಿಯಾದಾಗ, ವಿಪರೀತ ಬೆವರಿದಾಗ ಸಕ್ಕರೆ ಕಾಯಿಲೆಯವರಿಗೂ ಅದು ಬೇಕು. ಅದರಲ್ಲಿರುವ ಗ್ಲೂಕೋಸ್ ಉಪ್ಪನ್ನೂ ನೀರನ್ನೂ ಕರುಳಿನಿಂದ ಒಳಗೆ ಎಳೆದುಕೊಳ್ಳುವುದಕ್ಕೆ. ಲೀಟರಿಗೆ 13.5 ಗ್ರಾಂ ಮಾತ್ರ ಇರುತ್ತದೆ, ಒಂದು ಬಾಟಲಿ ಜ್ಯೂಸಿಗಿಂತ ಎಷ್ಟೋ ಕಡಿಮೆ. ಸಕ್ಕರೆ ಪರೀಕ್ಷೆಯ ಮೀಟರ್ ಜೊತೆಗಿರಲಿ. ದೊಡ್ಡ ಪೊಟ್ಟಣವನ್ನು ಪೂರ್ತಿ ಒಂದು ಲೀಟರ್ ನೀರಿಗೇ ಕಲಸಬೇಕು, ಅರ್ಧ ಬಾಟಲಿಗೆ ಸುರಿದರೆ ಕೆಡುಕೇ ಜಾಸ್ತಿ. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ.

ಯಾರಾದರೂ ಬಿಸಿಲಿಗೆ ತೊದಲುತ್ತಿದ್ದರೆ, ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಬೇಡಿ, ಝಂಝಂ ಕೂಡ. ಶ್ವಾಸಕೋಶಕ್ಕೆ ಹೋಗುತ್ತದೆ. ನೆರಳಿಗೆ ಎಳೆದು ಮೈಮೇಲೆ ಸುರಿಯಿರಿ, ಗಾಳಿ ಬೀಸಿ, ಆಂಬುಲೆನ್ಸ್ ಕರೆಸಿ.

ನಮ್ಮೂರಿನ ಒಬ್ಬರು ವರ್ಷವಿಡೀ ಝಂಝಂ ಮಾರುತ್ತಾರೆ. ಅಸಲಿಯಾ? ಅದರಲ್ಲಿ ವಿಷ ಇದೆ ಎಂದು ವಾಟ್ಸ್‌ಆ್ಯಪ್‌ನಲ್ಲೂ ಬಂತು. ಮನೆಯಲ್ಲಿ ನಾಲ್ಕು ತಿಂಗಳ ಮೊಮ್ಮಗು ಇದೆ.
(ವಿಜಯಪುರದ ಓದುಗರು)

ಝಂಝಂ ನೀರನ್ನು ವ್ಯಾಪಾರಕ್ಕೆಂದು ಹೊರದೇಶಕ್ಕೆ ಕಳಿಸಲು ಸೌದಿ ಅರೇಬಿಯಾ ಬಿಡುವುದಿಲ್ಲ. ಹಜ್ ಸಮಿತಿಯ ಮೂಲಕ ಹೋದವರಿಗೆ ವಾಪಸ್ ಬಂದಾಗ ತಲಾ 5 ಲೀಟರ್ ಕ್ಯಾನ್ ಸಿಗುತ್ತದೆ, ಉಮ್ರಾ ಎಂಬ ಚಿಕ್ಕ ಯಾತ್ರೆಗೆ ಹೋದವರೂ 5 ಲೀಟರಿನ ಸೀಲ್ ಮಾಡಿದ ಕ್ಯಾನ್ ತರುತ್ತಾರೆ. ವರ್ಷವಿಡೀ ಅಂಗಡಿ ನಡೆಸುವಷ್ಟು ನೀರು ಎಲ್ಲಿಂದ ಬಂತು ಎಂದು ನೀವೇ ಅವರನ್ನು ಕೇಳಿ ನೋಡಿ.

ವಿಷದ ಸುದ್ದಿ ಪೂರ್ತಿ ಗಾಳಿಮಾತಲ್ಲ. 2011ರಲ್ಲಿ ಬಿಬಿಸಿ ಬ್ರಿಟನ್ನಿನ ಅಂಗಡಿಗಳಲ್ಲಿ ಝಂಝಂ ಹೆಸರಲ್ಲಿ ಮಾರುತ್ತಿದ್ದ ನೀರನ್ನು ಪರೀಕ್ಷೆ ಮಾಡಿಸಿತು. ಆರ್ಸೆನಿಕ್ ಅಲ್ಲಿನ ಮಿತಿಯ ಸುಮಾರು ಮೂರು ಪಟ್ಟು ಇತ್ತು. ಮಕ್ಕಾದಿಂದಲೇ ಯಾತ್ರಿಯೊಬ್ಬರು ತಂದ ಮಾದರಿಯಲ್ಲೂ ಹೆಚ್ಚಿದೆ ಎಂದು ವರದಿ ಮಾಡಿತು. ಸೌದಿ ಅಧಿಕಾರಿಗಳು ಒಪ್ಪಲಿಲ್ಲ. ಫ್ರಾನ್ಸಿನ ಲಿಯಾನ್‌ನ ಪ್ರಯೋಗಾಲಯದಲ್ಲಿ ಪರೀಕ್ಷೆ ಆಗಿದೆ, ಕುಡಿಯಲು ಯೋಗ್ಯ ಎಂದು ಉತ್ತರ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಈ ಜಗಳದಲ್ಲಿ ನನ್ನ ನಿಲುವು ಇಷ್ಟು: ಆರ್ಸೆನಿಕ್ ಕೆಡಿಸುವುದು ವರ್ಷಗಟ್ಟಲೆ ದಿನಾ ಕುಡಿದಾಗ. ಹಜ್‌ನ 40 ದಿನ ಕುಡಿದ ನೀರಿನಿಂದ, ಬರಕತ್‌ಗೆಂದು (ದೇವರ ಕೃಪೆಗೆಂದು) ಮನೆಯಲ್ಲಿ ಗುಟುಕು ಗುಟುಕು ಹಂಚಿಕೊಂಡ ನೀರಿನಿಂದ ಭಯಪಡುವ ಅಗತ್ಯ ಇಲ್ಲ. ಅಂಗಡಿಯಿಂದ ತಂದು ದಿನಾ ಕುಡಿಯುವ ನೀರನ್ನಾಗಿ ಮಾಡಿಕೊಳ್ಳಬೇಡಿ. ಅದು ಎಲ್ಲಿಯ ನೀರೋ.

ಮಗುವಿನ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಪ್ರಕಟವಾದ ಕೆಲವು ವಿಶ್ಲೇಷಣೆಗಳಲ್ಲಿ ಝಂಝಂನ ನೈಟ್ರೇಟ್ ವಿಶ್ವ ಆರೋಗ್ಯ ಸಂಸ್ಥೆಯ 50 ಮಿಲಿಗ್ರಾಂ ಮಿತಿಗಿಂತ ಮೇಲಿದೆ. ದೊಡ್ಡವರ ದೇಹ ಅದನ್ನು ತಡೆದುಕೊಳ್ಳುತ್ತದೆ. ಆರು ತಿಂಗಳೊಳಗಿನ ಕೂಸಿನ ರಕ್ತಕ್ಕೆ ಆಮ್ಲಜನಕ ಹೊರಲು ಅದರಿಂದ ತೊಡಕಾಗಬಹುದು. ಬರಕತ್ ಬೇಕೆಂದರೆ ಹಣೆಗೆ, ಕೈಗೆ ಸವರಿ. ಹಾಲಿನ ಪುಡಿಯನ್ನು ಅದರಲ್ಲಿ ಕಲಸಬೇಡಿ. ನಾಲ್ಕು ತಿಂಗಳಿಗೆ ತಾಯಿಹಾಲು ಸಾಕು, ಯಾವ ನೀರೂ ಬೇಕಿಲ್ಲ.

ಇಮಾಮ್ ಹುಸೇನರ ನಲವತ್ತನೇ ದಿನದ ಸ್ಮರಣೆಯಾದ ಅರ್ಬಯೀನ್‌ಗೆ ಇರಾಕಿನ ನಜಫ್‌ನಿಂದ ಕರ್ಬಲಾಗೆ ನಡೆದು ಹೋಗುತ್ತೇವೆ. ದಾರಿಯುದ್ದಕ್ಕೂ ನೀರು, ಶರಬತ್ತು ಕೊಡುತ್ತಾರೆ. ಬೇಡ ಅನ್ನಲು ಮನಸ್ಸು ಬರಲ್ಲ.
(ಅಲೀಪುರದ ಓದುಗರು)

ಬಾಯಾರಿದ ಮಕ್ಕಳಿಗೆ ನೀರು ತರಲು ಹೋಗಿ ಹುಸೇನರ ತಮ್ಮ ಹಜರತ್ ಅಬ್ಬಾಸ್ ಪ್ರಾಣ ಕೊಟ್ಟ ನೆಲ ಅದು. ಅಲ್ಲಿ ನೀರು ಕೊಡುವ ಕೈಯನ್ನು ಯಾರು ತಾನೇ ತಳ್ಳುತ್ತಾರೆ? ತಳ್ಳಬೇಡಿ. ಸೀಲ್ ಇರುವ ಲೋಟ, ಬಾಟಲಿ, ಕುದಿಸಿದ ಕಪ್ಪು ಚಹಾ ಧಾರಾಳವಾಗಿ ತಗೊಳ್ಳಿ. ಡ್ರಮ್ಮಿನಲ್ಲಿ ಐಸ್ ಹಾಕಿ, ಒಂದೇ ಲೋಟ ಅದ್ದಿ ಎಲ್ಲರಿಗೂ ಕೊಡುವ ಶರಬತ್ತು ಬಂದಾಗ ಎದೆಯ ಮೇಲೆ ಕೈಯಿಟ್ಟು ‘ಶುಕ್ರನ್’ ಎಂದು ಮುಂದೆ ನಡೆಯಿರಿ.

ಇಷ್ಟು ಬಿಗಿಯಾಗಿ ಹೇಳುವುದಕ್ಕೆ ಕಾರಣ ಕಾಲರಾ. ಇರಾಕಿನಲ್ಲಿ 2007, 2012, 2015, 2022ರಲ್ಲಿ ಅದು ಕಾಣಿಸಿಕೊಂಡಿದೆ. ಯಾತ್ರೆಗೂ ಕಾಲರಾಕ್ಕೂ ಹಳೆಯ ನಂಟು. 1865ರಲ್ಲಿ ಮಕ್ಕಾದಲ್ಲಿ ಸುಮಾರು 15,000 ಯಾತ್ರಿಗಳು ಅದಕ್ಕೆ ಬಲಿಯಾದರು. ಆಮೇಲೆ ಮುಂಬಯಿಯಿಂದ ಹೊರಟ ಹಜ್ ಹಡಗುಗಳನ್ನು ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ನಿಲ್ಲಿಸಿ ಕ್ವಾರಂಟೈನ್ ಮಾಡುತ್ತಿದ್ದರು. ಹಜ್ ಮುಗಿಸಿ ಉತ್ತರಕ್ಕೆ ಹೋಗುವವರಿಗೆ ಸಿನಾಯ್‌ನ ಎಲ್ ತೋರ್‌ನಲ್ಲಿ ಅದೇ ಶಿಕ್ಷೆ. ಅಲ್ಲಿ ಯಾತ್ರಿಗಳ ದೇಹದಲ್ಲಿ 1905ರಲ್ಲಿ ಸಿಕ್ಕ ರೋಗಾಣುವಿಗೆ ಆ ಊರಿನ ಹೆಸರೇ ಅಂಟಿತು. ಇವತ್ತಿಗೂ ಜಗತ್ತಿನಲ್ಲಿ ಹರಡುವ ಕಾಲರಾ ಹೆಚ್ಚಾಗಿ ಆ ಎಲ್ ತೋರ್ ಬಗೆಯದೇ. ಹಜ್‌ನಲ್ಲಿ 1989ರ ನಂತರ ಕಾಲರಾ ಹಾವಳಿ ಆಗಿಲ್ಲ. ನೀರು, ಚರಂಡಿ ಸರಿಯಾದದ್ದೇ ಇದಕ್ಕೆ ಮುಖ್ಯ ಕಾರಣ.

ಕ್ಲೋರಿನ್ ಗುಳಿಗೆ ಒಂದು ಪಟ್ಟಿ ಜೇಬಿನಲ್ಲಿರಲಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಹಾಕಿ, ಅರ್ಧ ಗಂಟೆ ಬಿಟ್ಟು ಕುಡಿಯಿರಿ. ನೀರು ಬಗ್ಗಡವಾಗಿದ್ದರೆ ಮೊದಲು ಬಟ್ಟೆಯಲ್ಲಿ ಸೋಸಿ. ಕಾಲರಾಕ್ಕೆ ಬಾಯಿಂದ ಕುಡಿಯುವ ಲಸಿಕೆಯೂ ಇದೆ. ಬೇಕೇ ಎಂದು ಹೊರಡುವ ಒಂದು ತಿಂಗಳ ಮುಂಚೆಯೇ ಡಾಕ್ಟರನ್ನು ಕೇಳಿ. ಅಕ್ಕಿ ಗಂಜಿಯಂಥ ಬಿಳಿ ಭೇದಿ ಶುರುವಾದರೆ ಕರ್ಬಲಾ ಮುಟ್ಟುವವರೆಗೆ ಕಾಯಬೇಡಿ. ಓಆರ್‌ಎಸ್ ಕುಡಿಯುತ್ತಾ ಹತ್ತಿರದ ವೈದ್ಯಕೀಯ ಡೇರೆಗೆ ಹೋಗಿ.

ಮೂರು ವರ್ಷದ ಹಿಂದಿನ ಝಂಝಂ ಕ್ಯಾನ್ ಇದೆ. ಕುದಿಸಿ ಕುಡಿಯಬಹುದಾ, ಕುದಿಸಿದರೆ ತಪ್ಪಾಗುತ್ತದಾ?
(ಶಿವಮೊಗ್ಗದ ಓದುಗರು)

ತಪ್ಪೋ ಸರಿಯೋ ಎಂಬುದನ್ನು ನಿಮ್ಮ ಮಸೀದಿಯ ಮೌಲಾನಾ ಅವರನ್ನು ಕೇಳಿ. ಸೀಲ್ ಒಡೆಯದೆ, ನೆರಳಲ್ಲಿ ಇಟ್ಟಿದ್ದರೆ ಕುದಿಸುವ ಅಗತ್ಯ ಬಹುಶಃ ಇಲ್ಲ. ಒಡೆದು, ಲೋಟ ಅದ್ದಿ ಅದ್ದಿ ಬಳಸಿದ್ದರೆ ಒಂದು ನಿಮಿಷ ಕುದಿಸಿ. ರೋಗಾಣು ಸಾಯುತ್ತದೆ, ಖನಿಜಗಳು ಹಾಗೇ ಉಳಿಯುತ್ತವೆ. ವಾಸನೆ ಬಂದಿದ್ದರೆ ಗಿಡಕ್ಕೆ ಹಾಕಿ.