ತಿರುಳು ಇರುವುದು ಮಲಪ್ರಭೆಯ ಮಗ್ಗುಲಲ್ಲಿ

ಮೈಸೂರಿನಿಂದ ಒಬ್ಬ ನಿವೃತ್ತ ಮೇಷ್ಟ್ರು ಬರೆದಿದ್ದಾರೆ: “ಕಳೆದ ಸಂಚಿಕೆಯ ಕಥೆಯ ತುಂಬ ‘ಉಂಡ್ಯಾ’, ‘ಹೊಂಟೇನಿ’ ಇಂಥವೇ ಮಾತು. ಕನ್ನಡದ ಮೂಲನೆಲೆ ನಮ್ಮ ಮೈಸೂರು ಸೀಮೆ. ಇಲ್ಲಿನ ಶುದ್ಧ ಕನ್ನಡಕ್ಕೆ ತಿದ್ದಿ ಅಚ್ಚು ಹಾಕಬಾರದೆ?”

ಮೇಷ್ಟ್ರೇ, ಎರಡು ಪುಟ ಕೈಯಲ್ಲೇ ಬರೆದಿದ್ದೀರಿ. ಅಷ್ಟು ಕಾಳಜಿ ಇರುವ ಓದುಗರು ಸಿಗುವುದು ಪುಣ್ಯ. ಮೈಸೂರು ಕನ್ನಡಕ್ಕೆ ಮಾಡಿದ್ದು ಸಣ್ಣದಲ್ಲ. 1916ರ ವಿಶ್ವವಿದ್ಯಾಲಯ, ಬಿಎಂಶ್ರೀ, ಪಠ್ಯಪುಸ್ತಕಗಳು, ಎಲ್ಲ ಒಪ್ಪಿದೆ. ಆದರೆ ‘ಮೂಲನೆಲೆ’ ಅಂದಿರಲ್ಲ, ಅಲ್ಲಿ ನನ್ನ ತಕರಾರಿದೆ.

ಸುಮಾರು 850ರಲ್ಲಿ ಶ್ರೀವಿಜಯ ಕವಿರಾಜಮಾರ್ಗ ಬರೆದ. ಕಾವೇರಿಯಿಂದ ಗೋದಾವರಿವರೆಗೆ ಕನ್ನಡ ನಾಡು ಅಂದ. ಅಲ್ಲಿಗೇ ಬಿಡಲಿಲ್ಲ. ಅದರೊಳಗೆ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ, ಈ ನಾಲ್ಕರ ನಡುವಣ ನಾಡೇ ಕನ್ನಡದ ತಿರುಳು ಅಂದ. ಅಂದರೆ ಇವತ್ತಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಬೈಲಹೊಂಗಲ ಕಡೆಯ ಒಕ್ಕುಂದ. ನಿಮಗೆ ‘ಶುದ್ಧ’ ಅನ್ನಿಸದ ಮಾತು ಆ ಸೀಮೆಯದೇ. ಪಂಪನೂ 941ರಲ್ಲಿ ತನ್ನದು ಪುಲಿಗೆರೆಯ ತಿರುಳ್ಗನ್ನಡ ಎಂದು ಹೆಮ್ಮೆಯಿಂದ ಹೇಳಿಕೊಂಡ. ಅದೇ ಶ್ರೀವಿಜಯ ಇನ್ನೊಂದು ಮಾತು ಸೇರಿಸಿದ್ದಾನೆ: ಕನ್ನಡಗಳು ಎಷ್ಟೊಂದು ಬಗೆ ಅಂದರೆ, ತಪ್ಪು ಹುಡುಕಲು ಹೊರಟರೆ ಸರ್ಪರಾಜ ವಾಸುಕಿಗೂ ಬೇಸರ ಬರುತ್ತದೆ!

‘ಉಂಡ್ಯಾ’ ತಪ್ಪೇ? ಉಣ್ಣು ಎಂಬುದು ಹಳಗನ್ನಡದಿಂದ ಬಂದ ಮಾತು. ಈಗ ‘ಊಟ ಆಯ್ತಾ’ ಅನ್ನುವವರೇ ಜಾಸ್ತಿ, ಅಷ್ಟೇ.

ನೀವು ಪಟ್ಟದಕಲ್ಲು ನೋಡಿದ್ದೀರಾ? ಬಾದಾಮಿಯಿಂದ 22 ಕಿಲೋಮೀಟರು. ಕಿಸು ಅಂದರೆ ಕೆಂಪು. ಸಂಜೆ ಬಿಸಿಲಲ್ಲಿ ಆ ಕಲ್ಲು ನೋಡಿದರೆ ಹೆಸರಿನ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ. ಅಲ್ಲಿ ಮಲಪ್ರಭೆ ಉತ್ತರಕ್ಕೆ ತಿರುಗಿ ಹರಿಯುತ್ತದೆ. ಗಂಡ, ಚಾಲುಕ್ಯ ದೊರೆ ಎರಡನೆಯ ವಿಕ್ರಮಾದಿತ್ಯ, ಮೂರು ಸಲ ಕಂಚಿ ಗೆದ್ದದ್ದಕ್ಕೆ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿ ಇದೆ. ಶಾಸನದಲ್ಲಿ ರಾಣಿಯ ಹೆಸರಿನ ಜೊತೆ ಗುಡಿ ಕಟ್ಟಿದ ಶಿಲ್ಪಿ ಗುಂಡನ ಹೆಸರೂ ಉಂಟು. ಅವನಿಗೆ ತ್ರಿಭುವನಾಚಾರಿ ಎಂಬ ಬಿರುದು ಸಿಕ್ಕಿತ್ತು. ಕಲ್ಲು ಕೆತ್ತಿದವನ ಹೆಸರು ಕನ್ನಡದಲ್ಲೇ ಬರೆಸಿದ ನಾಡದು. ನಾನು ಆ ಅಕ್ಷರಗಳ ಮುಂದೆ ನಿಂತಿದ್ದಾಗ, ಹೊರಗೆ ಜೋಳದ ರೊಟ್ಟಿ, ಮೊಸರು ಮಾರುವ ಅಮ್ಮ “ಉಂಡು ನೋಡ್ರಿ, ಕಲ್ಲು ಎಲ್ಲಿ ಹೋಗ್ತಾವ” ಅಂದರು. ಉಂಡೆ. ಬಿಳಿಜೋಳದ ರೊಟ್ಟಿ ಇನ್ನೂ ಬಿಸಿ ಇತ್ತು, ಮೇಲೆ ಶೇಂಗಾ ಚಟ್ನಿ.

ಹಾಗಾದರೆ ಈ ಸೀಮೆಯ ಮಾತು ‘ಶುದ್ಧ’ ಅನ್ನಿಸಿಕೊಳ್ಳಲಿಲ್ಲ ಏಕೆ? ಭಾಷೆಯ ತಪ್ಪಲ್ಲ, ಆಳಿದವರ ಗಡಿಯದ್ದು. 1956ಕ್ಕೆ ಮುಂಚೆ ಪಟ್ಟದಕಲ್ಲು ಮುಂಬೈ ಪ್ರಾಂತದಲ್ಲಿ, ಕೊಪ್ಪಳ ನಿಜಾಮರ ಕಡೆ, ಲಕ್ಷ್ಮೇಶ್ವರ ಮಿರಜ್ ಸಂಸ್ಥಾನದಲ್ಲಿ ಹಂಚಿಹೋಗಿದ್ದವು. ಒಂದು ಕಡೆ ಕಚೇರಿಯಲ್ಲಿ ಮರಾಠಿ, ಇನ್ನೊಂದು ಕಡೆ ಉರ್ದು. ಡೆಪ್ಯುಟಿ ಚನ್ನಬಸಪ್ಪನವರಂಥ ಶಿಕ್ಷಣಾಧಿಕಾರಿಗಳು ಕನ್ನಡ ಶಾಲೆಗಾಗಿ ಹೋರಾಡಬೇಕಾಯಿತು. ನಾಡು ಒಂದಾಗಲೆಂದು ‘ಉದಯವಾಗಲಿ ನಮ್ಮ ಚೆಲುವ ಕನ್ನಡ ನಾಡು’ ಬರೆದ ಹುಯಿಲಗೋಳ ನಾರಾಯಣರಾಯರು ಗದುಗಿನವರು. ಅಷ್ಟೆಲ್ಲ ಆದಮೇಲೂ ಸಿನಿಮಾದಲ್ಲಿ ಈ ಮಾತು ಬಂದರೆ ನಗಿಸಲಿಕ್ಕೇ. ಶಾಲೆಯ ಪ್ರವಾಸ ಅಂದರೆ ಬೇಲೂರು, ಹಳೇಬೀಡು, ಮೈಸೂರು. ಕೊಪ್ಪಳದ ಗವಿಮಠದ ಬೆಟ್ಟದಲ್ಲಿ ಅಶೋಕನ ಶಾಸನ ಇದೆಯೆಂದು ಎಷ್ಟು ಮಕ್ಕಳಿಗೆ ಗೊತ್ತು? ನಮ್ಮ ಕಚೇರಿಯಲ್ಲೇ ಹಿಂದೊಮ್ಮೆ ಒಬ್ಬ ಹುಡುಗ ಇಂಥದೇ ಕಥೆಯ ‘ಅವ್ವ’ನನ್ನೆಲ್ಲ ‘ಅಮ್ಮ’ ಮಾಡಿ ಕಳಿಸಿದ್ದ. ಬರೆದವರು ಫೋನಿನಲ್ಲಿ ಕೋಪ ಮಾಡಲಿಲ್ಲ. “ನಮ್ಮವ್ವ ಎಲ್ಲಿ ಹೋದಳ್ರೀ” ಅಂತ ಮಾತ್ರ ಕೇಳಿದರು. ನನಗೆ ಮಾತೇ ಹೊರಡಲಿಲ್ಲ.

ಡಿಸೆಂಬರಿನಲ್ಲಿ ಬನ್ನಿ ಮೇಷ್ಟ್ರೇ, ಒಟ್ಟಿಗೆ ಪಟ್ಟದಕಲ್ಲಿಗೆ ಹೋಗೋಣ. ಆ ಕಥೆಯ ಎರಡನೇ ಭಾಗ ಮುಂದಿನ ಸಂಚಿಕೆಯಲ್ಲಿ ಬರುತ್ತದೆ. ‘ಹೊಂಟೇನಿ’ ಹೊಂಟೇನಿಯಾಗಿಯೇ ಇರುತ್ತದೆ.

– ಸಂಪಾದಕ