ಔಷಧಕ್ಕೆ ಮೊದಲು ಗೂಡಿನ ಗಾಳಿ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿ. ಹದಿನೆಂಟು ನಾಟಿ ಕೋಳಿಗಳಿವೆ. ಆಷಾಢದಲ್ಲಿ ಸಂತೆಯಿಂದ ಮೂರು ಗಿರಿರಾಜ ಹೇಟೆಗಳನ್ನು ತಂದು ಜೊತೆಗೆ ಬಿಟ್ಟೆವು. ಎರಡು ವಾರದಲ್ಲಿ ಅವುಗಳಲ್ಲೊಂದು ಸೀನತೊಡಗಿತು. ಈಗ, ತಿಂಗಳಾದ ಮೇಲೆ, ಆರೇಳು ಸೀನುತ್ತಿವೆ. ಕಣ್ಣಿನ ಮೂಲೆಯಲ್ಲಿ ನೊರೆ, ರಾತ್ರಿ ಗೊರಗೊರ ಸದ್ದು. ಒಂದೂ ಸತ್ತಿಲ್ಲ, ಮೊಟ್ಟೆ ಮಾತ್ರ ಕಡಿಮೆಯಾಗಿದೆ. ಮಳೆಯ ಇರಚಲು ಬಡಿಯದಿರಲೆಂದು ಗೂಡಿನ ಸುತ್ತ ಟಾರ್ಪಾಲು ಕಟ್ಟಿದ್ದೇವೆ. ಮನೆಯವರು ಮಕ್ಕಳಿಗೆಂದು ತಂದು ಉಳಿದಿದ್ದ ಅಮಾಕ್ಸಿಸಿಲಿನ್ ಗುಳಿಗೆಯನ್ನು ನೀರಿಗೆ ಹಾಕಿದರು, ಗುಣ ಕಾಣಲಿಲ್ಲ. ಅತ್ತೆಯವರು ಬೆಳ್ಳುಳ್ಳಿ, ತುಳಸಿ ರಸ ಕುಡಿಸು ಎನ್ನುತ್ತಾರೆ. ಮೊಟ್ಟೆ ತಿನ್ನಬಹುದೇ? ಮಕ್ಕಳಿಗೆ ಅಂಟುತ್ತದೆಯೇ?

ಉತ್ತರ: ಅಮ್ಮಾ, ಕಣ್ಣಿನ ನೊರೆಯನ್ನೂ ರಾತ್ರಿಯ ಸದ್ದನ್ನೂ ಗಮನಿಸಿ ಬರೆದಿದ್ದೀರಿ. ಪತ್ರದಲ್ಲಿ ಇಷ್ಟು ವಿವರ ಕೊಡುವವರು ಕಡಿಮೆ. ಮೊದಲು ಮಕ್ಕಳ ವಿಷಯ ಹೇಳಿಬಿಡುತ್ತೇನೆ: ನೀವು ಬರೆದ ಲಕ್ಷಣಗಳಿಗೆ ಹೊಂದುವ ಕಾಯಿಲೆ ಮನುಷ್ಯರಿಗೆ ಅಂಟುವಂಥದ್ದಲ್ಲ. ಆದರೂ ಯಾವ ಕಾಯಿಲೆಯೆಂದು ವೈದ್ಯರು ಖಚಿತಪಡಿಸುವವರೆಗೆ ಮಕ್ಕಳು ಗೂಡಿನೊಳಗೆ ಆಡುವುದು ಬೇಡ. ಕೋಳಿ ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಲಿ.

ಇನ್ನು ಗೂಡಿಗೆ ಬನ್ನಿ. ನಾಳೆ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಒಳಗೆ ಕುಕ್ಕರಗಾಲಿನಲ್ಲಿ ಕುಳಿತು, ಕೋಳಿಯ ತಲೆ ಇರುವ ಮಟ್ಟದಲ್ಲಿ ಉಸಿರೆಳೆದು ನೋಡಿ. ಕಣ್ಣು ಉರಿದರೆ, ಮೂಗಿಗೆ ಖಾರವಾದ ವಾಸನೆ ಹೊಡೆದರೆ ಅದು ಅಮೋನಿಯಾ. ಕೋಳಿ ಮೂತ್ರವನ್ನು ಬೇರೆಯಾಗಿ ಹೊಯ್ಯುವುದಿಲ್ಲ. ಹಿಕ್ಕೆಯ ಮೇಲಿನ ಬಿಳಿ ಭಾಗವೇ ಅದು. ಹಾಸು ಒದ್ದೆಯಾದರೆ ಸೂಕ್ಷ್ಮಾಣುಗಳು ಅದನ್ನು ಕೊಳೆಸಿ ಅಮೋನಿಯಾ ಹುಟ್ಟಿಸುತ್ತವೆ. ಉಸಿರುನಾಳದ ಒಳಗೋಡೆಯಲ್ಲಿ ಧೂಳನ್ನೂ ರೋಗಾಣುವನ್ನೂ ಮೇಲಕ್ಕೆ ಗುಡಿಸುವ ಸೂಕ್ಷ್ಮ ರೋಮಗಳಿರುತ್ತವೆ. ಅಮೋನಿಯಾ ಅವನ್ನು ನಿಷ್ಕ್ರಿಯಗೊಳಿಸುತ್ತದೆ. ಮನುಷ್ಯರ ಮೂಗಿಗೆ ವಾಸನೆ ಚೆನ್ನಾಗಿ ತಿಳಿಯುವ ಹೊತ್ತಿಗೆ ಕೋಳಿಗೆ ಹಾನಿ ಶುರುವಾಗಿರುತ್ತದೆ.

ಆದ್ದರಿಂದ ನನ್ನ ಮೊದಲ ಮದ್ದು ಟಾರ್ಪಾಲನ್ನು ಮೇಲಿನಿಂದ ಒಂದಡಿ ಇಳಿಸುವುದು. ಕೋಳಿ ಕೂರುವ ಮಟ್ಟಕ್ಕಿಂತ ಎತ್ತರದಲ್ಲಿ, ಸೂರಿನ ಕೆಳಗೆ, ಗಾಳಿ ಆಡಲಿ. ಇರಚಲು ಒಳಗೆ ಬಾರದಂತೆ ಸೂರನ್ನು ಮುಂದಕ್ಕೆ ಚಾಚಿ. ಮಲೆನಾಡಿನ ಮಳೆಗಾಲದಲ್ಲಿ ಕೋಳಿಗೆ ಚಳಿಯಾದೀತೆಂದು ಗೂಡನ್ನು ಪೂರ್ತಿ ಮುಚ್ಚುವವರೇ ಹೆಚ್ಚು. ಮೈಮೇಲೆ ಒಣಗಿದ ಗರಿಯಿರುವ ಕೋಳಿ ಚಳಿ ತಡೆಯುತ್ತದೆ, ಕೊಳೆತ ಗಾಳಿಯನ್ನು ತಡೆಯಲಾರದು. ಹಳೆಯ ಹಾಸನ್ನು ಪೂರ್ತಿ ಎತ್ತಿ ಗೊಬ್ಬರಗುಂಡಿಗೆ ಹಾಕಿ, ನೆಲ ಒಣಗಿಸಿ, ಒಣ ಭತ್ತದ ಹೊಟ್ಟನ್ನು ಹರಡಿ. ನೀರಿನ ಪಾತ್ರೆಯ ಕೆಳಗಿನ ಜಾಗವನ್ನು ದಿನಾ ನೋಡಿ, ಒದ್ದೆ ಶುರುವಾಗುವುದೇ ಅಲ್ಲಿಂದ. ಪುಡಿಪುಡಿಯಾದ ತೌಡನ್ನು ಒಣದಾಗಿ ಹಾಕುತ್ತಿದ್ದರೆ ಸ್ವಲ್ಪ ನೀರು ಚಿಮುಕಿಸಿ ಕಲಸಿ. ಬರೀ ಧೂಳಿಗೆ ಸೀನುವ ಕೋಳಿಗಳೂ ಇವೆ.

ಆದರೆ ನಿಮ್ಮಲ್ಲಿ ಧೂಳು ಮಾತ್ರ ಕಾರಣವಲ್ಲ. ನಿಧಾನವಾಗಿ ಒಂದರಿಂದೊಂದಕ್ಕೆ ಹರಡಿದ್ದು, ಕಣ್ಣಿನ ನೊರೆ, ರಾತ್ರಿಯ ಗೊರಗೊರ, ಸಾವಿಲ್ಲದಿರುವುದು, ಇವೆಲ್ಲ ಮೈಕೋಪ್ಲಾಸ್ಮಾ ಎಂಬ ಸೂಕ್ಷ್ಮಾಣುವಿನಿಂದ ಬರುವ ದೀರ್ಘಕಾಲದ ಉಸಿರಾಟದ ಕಾಯಿಲೆಯತ್ತ ಬೆರಳು ತೋರಿಸುತ್ತವೆ. ಎರಡು ಮೂರು ದಿನಗಳಲ್ಲೇ ಇಡೀ ಹಿಂಡು ಸೀನಿ, ಮೊಟ್ಟೆಯ ಚಿಪ್ಪು ಸುಕ್ಕಾಗಿ, ಒಳಗಿನ ಬಿಳಿ ನೀರಿನಂತಾಗಿದ್ದರೆ ಇನ್ಫೆಕ್ಷಿಯಸ್ ಬ್ರಾಂಕೈಟಿಸ್ ಅನ್ನುತ್ತಿದ್ದೆ. ಮುಖ ಊದಿ, ಮೂಗಿನಿಂದ ದುರ್ವಾಸನೆಯ ಸಿಂಬಳ ಸುರಿದಿದ್ದರೆ ಕೊರೈಜಾ. ಹಸಿರು ಭೇದಿಯಾಗಿ, ಕತ್ತು ತಿರುಚಿಕೊಂಡು ಸಾಯತೊಡಗಿದರೆ ಅದು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಜುಟ್ಟು ನೀಲಿಗಟ್ಟಿ ಕೋಳಿಗಳು ಇದ್ದಕ್ಕಿದ್ದಂತೆ ಸಾಲಾಗಿ ಸತ್ತರೆ ಅದು ಹಕ್ಕಿಜ್ವರವಿರಬಹುದು, ಬರಿಗೈಯಲ್ಲಿ ಮುಟ್ಟಲೇಬೇಡಿ, ಮಾರಲೂ ಬೇಡಿ. ತಕ್ಷಣ ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ. 2012ರಲ್ಲಿ ಬೆಂಗಳೂರಿನ ಪಕ್ಕದ ಹೆಸರಘಟ್ಟದಲ್ಲೇ ಹಕ್ಕಿಜ್ವರ ಕಾಣಿಸಿಕೊಂಡಿತ್ತು. ಅದು ನಮ್ಮಿಂದ ದೂರದ ಕಾಯಿಲೆಯಲ್ಲ.

ಅಮಾಕ್ಸಿಸಿಲಿನ್ ಕೆಲಸ ಮಾಡದಿರುವುದಕ್ಕೆ ಕಾರಣವಿದೆ. ಆ ಔಷಧ ಬ್ಯಾಕ್ಟೀರಿಯಾ ತನ್ನ ಹೊರಗೋಡೆ ಕಟ್ಟಿಕೊಳ್ಳದಂತೆ ತಡೆದು ಕೊಲ್ಲುತ್ತದೆ. ಮೈಕೋಪ್ಲಾಸ್ಮಾಕ್ಕೆ ಆ ಗೋಡೆಯೇ ಇಲ್ಲ. ಟೈಲೋಸಿನ್, ಡಾಕ್ಸಿಸೈಕ್ಲಿನ್‌ನಂಥ ಬೇರೆ ಗುಂಪಿನ ಔಷಧ ಬೇಕು, ಅದನ್ನೂ ವೈದ್ಯರು ತೂಕ ನೋಡಿ ಹೇಳಿದಷ್ಟೇ ದಿನ ಕೊಡಬೇಕು. ಮೇಲಾಗಿ ಕೋಳಿಯ ಉಸಿರು ಶ್ವಾಸಕೋಶಕ್ಕೇ ನಿಲ್ಲುವುದಿಲ್ಲ. ಹೊಟ್ಟೆಯವರೆಗೂ ಹಬ್ಬಿರುವ ಒಂಬತ್ತು ಗಾಳಿಚೀಲಗಳಿವೆ. ಅವುಗಳಿಗೆ ರಕ್ತದ ಹರಿವು ತೀರ ಕಡಿಮೆ, ಹಾಗಾಗಿ ಔಷಧವೂ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಇನ್ನೊಂದು ಮಾತು: ಕೋಳಿಗೆ ನಮ್ಮಂತೆ ಎದೆ-ಹೊಟ್ಟೆಯ ನಡುವೆ ಉಸಿರಾಡಿಸುವ ವಪೆ ಇಲ್ಲ, ಎದೆಮೂಳೆ ಮುಂದಕ್ಕೆ ಚಲಿಸಿದರೆ ಮಾತ್ರ ಉಸಿರು. ಪರೀಕ್ಷಿಸಲು ಹಿಡಿದಾಗ ಎದೆಯನ್ನು ಅಮುಕಬೇಡಿ.

ಅತ್ತೆಯವರ ಬೆಳ್ಳುಳ್ಳಿ, ತುಳಸಿಯನ್ನು ನಾನು ತಳ್ಳಿಹಾಕುವುದಿಲ್ಲ. ಕುಡಿಯುವ ನೀರಿಗೆ ಸ್ವಲ್ಪ ಬೆರೆಸಿದರೆ ತೊಂದರೆಯಿಲ್ಲ. ಆದರೆ ಅದು ಈ ರೋಗಾಣುವನ್ನು ಕೊಲ್ಲುವುದಿಲ್ಲ. ಕೊಕ್ಕು ಬಿಡಿಸಿ ರಸ ಹುಯ್ಯುವುದು ಮಾತ್ರ ಖಂಡಿತ ಬೇಡ. ಉಸಿರುನಾಳದ ಬಾಯಿ ನಾಲಿಗೆಯ ಬುಡದಲ್ಲೇ ತೆರೆದಿರುತ್ತದೆ, ರಸ ನೇರ ಒಳಗಿಳಿದು ಕೋಳಿ ಕೈಯಲ್ಲೇ ಸಾಯಬಹುದು. ಅತ್ತೆಯವರಿಗೆ ನುಗ್ಗೆಸೊಪ್ಪು ಕೊಯ್ದು ಹಾಕಲು ಹೇಳಿ. ಎ ಜೀವಸತ್ವ ಕಡಿಮೆಯಾದರೆ ಮೂಗು, ಗಂಟಲಿನ ಒಳಪೊರೆ ಸೊರಗುತ್ತದೆ. ಸೊಪ್ಪಿನಿಂದ ಅದು ಸಿಗುತ್ತದೆ.

ಮೊಟ್ಟೆಯನ್ನು ಚೆನ್ನಾಗಿ ಬೇಯಿಸಿ ತಿನ್ನಬಹುದು, ಆದರೆ ಔಷಧ ಕೊಡುವ ದಿನಗಳಲ್ಲೂ ಆಮೇಲೆ ವೈದ್ಯರು ಹೇಳಿದಷ್ಟು ದಿನವೂ ತಿನ್ನಬೇಡಿ, ಮಾರಬೇಡಿ. ಗುಳಿಗೆ ಹಾಕಿದ ನೀರು ಕುಡಿದ ಕೋಳಿಗಳ ಮೊಟ್ಟೆಗೂ ಈ ಮಾತು ಅನ್ವಯಿಸುತ್ತದೆ. ಕಾವಿಗಂತೂ ಈ ಮೊಟ್ಟೆ ಇಡಲೇಬೇಡಿ, ರೋಗಾಣು ಮೊಟ್ಟೆಯ ಮೂಲಕ ಮರಿಗೆ ಇಳಿಯುತ್ತದೆ.

ಈಗ ನಾನು ಹೇಳಲೇಬೇಕಾದ ಕಹಿ ಮಾತು. ಸೀನು ನಿಂತರೂ ಈ ಕೋಳಿಗಳು ರೋಗಾಣುವನ್ನು ಹೊತ್ತೇ ಇರುತ್ತವೆ. ಗಿರಿರಾಜ ನಮ್ಮ ಹೆಬ್ಬಾಳದಲ್ಲಿ ರೂಪುಗೊಂಡ ಗಟ್ಟಿ ತಳಿ, ತಳಿಯನ್ನು ದೂರಬೇಡಿ. ಹತ್ತೂರಿನ ಕೋಳಿಗಳು ಒಂದೇ ಪಂಜರದಲ್ಲಿ ಉಸಿರಾಡುವ ಸಂತೆಯಲ್ಲಿ ಅಪಾಯವಿದೆ. ನಿಮ್ಮವನ್ನು ಮತ್ತೆ ಅದೇ ಸಂತೆಗೆ ಒಯ್ದರೆ ಇನ್ನೊಂದು ಮನೆಯ ಹಿಂಡು ಕೆಡುತ್ತದೆ. ಇವುಗಳನ್ನು ಮನೆಯಲ್ಲೇ ಸಾಕಿ, ಹೊಸದನ್ನು ಸೇರಿಸದೆ ಹಿಂಡು ತಾನಾಗಿ ಮುಗಿಯಲು ಬಿಡಿ. ಆಮೇಲೆ ಗೂಡು ತೊಳೆದು, ಸುಣ್ಣ ಬಳಿದು, ಬಿಸಿಲಿಗೆ ಬಿಟ್ಟು ಮೂರು ವಾರ ಖಾಲಿ ಇರಿಸಿ. ಮೈಕೋಪ್ಲಾಸ್ಮಾ ಕೋಳಿಯ ಮೈಯಿಂದ ಹೊರಗೆ ಹೆಚ್ಚು ದಿನ ಬದುಕುವುದಿಲ್ಲ. ಮುಂದೆ ಯಾವ ಕೋಳಿ ತಂದರೂ ಒಂದು ತಿಂಗಳು ಬೇರೆ ಕಡೆ ಇಡಿ, ಹಳೆಯವಕ್ಕೆ ಕಾಳು ಹಾಕಿದ ಮೇಲೆ ಕೊನೆಯಲ್ಲಿ ಅದರ ಬಳಿ ಹೋಗಿ.

ಪ್ರಶ್ನೆ: ಹತ್ತು ದಿನದ ಮರಿಗಳು ಬಾಯಿ ತೆರೆದು ಏದುಸಿರು ಬಿಡುತ್ತವೆ, ಸದ್ದೇ ಇಲ್ಲ. ನಾಲ್ಕು ಸತ್ತವು. ಕೆಳಗೆ ಮರದ ಹೊಟ್ಟು ಹಾಸಿದ್ದೇನೆ. (ರಾಮನಗರದ ಓದುಗರು)

ಉತ್ತರ: ಹೊಟ್ಟನ್ನು ಮುಷ್ಟಿಯಲ್ಲಿ ಹಿಡಿದು ಮೂಸಿ. ಮುಗ್ಗಲು ವಾಸನೆ ಬಂದರೆ ಅದರಲ್ಲಿ ಬೂಷ್ಟಿದೆ, ಅದರ ಬೀಜಕಣ ಮರಿಗಳ ಶ್ವಾಸಕೋಶ ಸೇರಿರುವ ಸಂಭವವೇ ಹೆಚ್ಚು. ಸದ್ದಿಲ್ಲದ ಏದುಸಿರು ಅದರ ಗುರುತು. ಬ್ಯಾಕ್ಟೀರಿಯಾಕ್ಕೆ ಕೊಡುವ ಯಾವ ಔಷಧವೂ ಬೂಷ್ಟಿಗೆ ನಾಟುವುದಿಲ್ಲ, ದುಡ್ಡು ಕಳೆಯಬೇಡಿ. ಮೂಗುಬಾಯಿಗೆ ಬಟ್ಟೆ ಕಟ್ಟಿಕೊಂಡು ಹೊಟ್ಟನ್ನೆಲ್ಲ ಇಂದೇ ಹೊರಹಾಕಿ, ಒಣ ಹಾಸಿಗೆ ಮರಿಗಳನ್ನು ವರ್ಗಾಯಿಸಿ. ಇನ್ನೊಂದು ಸತ್ತರೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಂಜುಗಡ್ಡೆಯ ಜೊತೆ ಅಂದೇ ಪಶು ಆಸ್ಪತ್ರೆಗೆ ಒಯ್ಯಿರಿ. ಕೊಯ್ದು ನೋಡಿದಾಗ ಶ್ವಾಸಕೋಶದಲ್ಲಿ ಹಳದಿ ಮಿಶ್ರಿತ ಬಿಳಿ ಗಂಟುಗಳಿದ್ದರೆ ವೈದ್ಯರಿಗೆ ಅಲ್ಲೇ ತಿಳಿಯುತ್ತದೆ.