ಆಪ್ತಸಲಹೆ ಪ್ರಕರಣ: ಪೆನ್ಸಿಲಿನಲ್ಲಿ ಬರೆದ ‘ಮನೆ?’

ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ. ಹಣದ ಮೊತ್ತಗಳನ್ನೂ ಇದ್ದ ಹಾಗೆ ಹೇಳುತ್ತಿಲ್ಲ. ಈ ದಂಪತಿಯ ತಿಂಗಳ ಆದಾಯವನ್ನು 100 ಎಂದು ಇಟ್ಟುಕೊಂಡು, ಉಳಿದದ್ದನ್ನೆಲ್ಲ ಅದರ ಪಾಲಾಗಿ ಕೊಟ್ಟಿದ್ದೇನೆ. ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಯಜಮಾನರಿಗೆ 63, ಅವರ ಹೆಂಡತಿಗೆ 60. ಇಬ್ಬರೂ ಕೆಲಸದಿಂದ ನಿವೃತ್ತರಾದವರು. ಮಕ್ಕಳು ದೂರದಲ್ಲಿ ನೆಲೆ ನಿಂತಿದ್ದಾರೆ. ಇರುವ ಮನೆ ಮಾರುವುದು, ಹೊಸ ಕ್ಯಾರವಾನ್ (ಗಾಡಿಯ ಹಿಂದೆ ಕಟ್ಟಿ ಎಳೆದೊಯ್ಯುವ ಚಕ್ರದ ಮನೆ) ಕೊಳ್ಳುವುದು, ಅದನ್ನು ಎಳೆಯಲು ಒಂದು ಗಟ್ಟಿ ಗಾಡಿ ಕೊಳ್ಳುವುದು, ಆಮೇಲೆ ವರ್ಷವಿಡೀ ಸುತ್ತಾಟ. ಇದು ಯೋಜನೆ. ನನ್ನ ಹತ್ತಿರ ಬಂದದ್ದು ಒಂದೇ ಮಾತು ಕೇಳುವುದಕ್ಕೆ: “ನಮ್ಮ ಬಜೆಟ್ ಸರಿ ಇದೆಯಾ, ಒಂದ್ಸಲ ನೋಡಿ ಹೇಳಿ ಮೇಡಂ.”

ನೋಟ್‌ಬುಕ್ ದಪ್ಪಗಿತ್ತು. ಯಜಮಾನರ ಕೈಬರಹ ಅಚ್ಚುಕಟ್ಟು. ಡೀಸೆಲ್‌ಗೇ ಎರಡು ಪುಟ. ಡೀಸೆಲ್ 25, ಸೈಟ್ (ಕ್ಯಾರವಾನ್ ನಿಲ್ಲಿಸುವ ಜಾಗ) ಬಾಡಿಗೆ 30, ಊಟ ತಿಂಡಿ ಮತ್ತು ದಿನಬಳಕೆ 20, ವಿಮೆ ಮತ್ತು ಫೋನ್ 8, ಔಷಧಿ ಮತ್ತು ಡಾಕ್ಟರು 4, ರಿಪೇರಿ 3, ಇತರೆ 2. ಒಟ್ಟು 92. ಆದಾಯ 100. ತಿಂಗಳಿಗೆ 8 ಉಳಿಯುತ್ತೆ, ಮತ್ತೇನು ಬೇಕು ಅನ್ನುವ ಸಮಾಧಾನ ಅವರ ಮುಖದಲ್ಲಿತ್ತು.

ನಾನು ಹಾಳೆ ತಿರುವುತ್ತಾ ಕೊನೆಯ ಪುಟಕ್ಕೆ ಬಂದೆ. ಅಲ್ಲಿ ಮೂಲೆಯಲ್ಲಿ, ಬೇರೆ ಕೈಬರಹದಲ್ಲಿ, ಪೆನ್ಸಿಲಿನಲ್ಲಿ ಒಂದೇ ಪದ ಇತ್ತು. ‘ಮನೆ?’ ಒಂದ್ಸಲ ಬರೆದು, ಅಳಿಸಿ, ಮತ್ತೆ ಅದರ ಮೇಲೇ ಬರೆದ ಗುರುತು ಕಾಣುತ್ತಿತ್ತು.

“ಇದು ಯಾರು ಬರೆದದ್ದು?” ಅಂತ ಕೇಳಿದೆ. ಯಜಮಾನರು ಬಗ್ಗಿ ನೋಡಿದರು. ಅವರಿಗೆ ಗೊತ್ತೇ ಇರಲಿಲ್ಲ. ಆಕೆ ಸೆರಗು ಸರಿಮಾಡಿಕೊಂಡು, “ಸುಮ್ನೆ ಬರೆದೆ” ಅಂದರು.

ಸುಮ್ನೆ ಯಾರೂ ಒಂದು ಪದವನ್ನು ಎರಡು ಸಲ ಬರೆಯುವುದಿಲ್ಲ. ಆಕೆಯನ್ನು ಒಬ್ಬರನ್ನೇ ಕೂರಿಸಿಕೊಂಡು ಮಾತಾಡಿಸಿದೆ. ಹದಿನೈದು ನಿಮಿಷ ಏನೇನೋ ಮಾತಾಡಿದ ಮೇಲೆ ಹೊರಗೆ ಬಂತು. “ಇವರಿಗೆ ಸುತ್ತೋದು ಅಂದ್ರೆ ಪ್ರಾಣ. ನನಗೂ ಇಷ್ಟಾನೇ. ಆದರೆ ಒಂದು ದಿನ ಇವರು ಮಲಗಿಬಿಟ್ಟರೆ ಆ ಗಾಡಿ ಓಡಿಸೋರು ಯಾರು? ಕಾರು ಓಡಿಸ್ತೀನಿ, ಹಿಂದೆ ಅಷ್ಟುದ್ದದ್ದು ಕಟ್ಟಿಕೊಂಡು ರಿವರ್ಸ್ ತೆಗೆಯೋಕೆ ಬರಲ್ಲ. ಆಮೇಲೆ ವಾಪಸ್ ಎಲ್ಲಿಗೆ ಬರಬೇಕು? ಮನೆ ಇರಲ್ಲವಲ್ಲ.”

ಇದನ್ನು ಗಂಡನಿಗೆ ಹೇಳಿರಲಿಲ್ಲ. ಅವರ ಆಸೆಗೆ ಅಡ್ಡ ಬಂದ ಹಾಗಾಗುತ್ತೆ ಅನ್ನುವ ಸಂಕೋಚ. ಮುಂದಿನ ಭೇಟಿಯಲ್ಲಿ, ಆಕೆಯ ಒಪ್ಪಿಗೆಯಿಂದಲೇ, ಅದನ್ನು ಇಬ್ಬರ ನಡುವೆ ಇಟ್ಟೆ. ಯಜಮಾನರು ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: “ನಾನು ಹೊರಡೋ ಲೆಕ್ಕ ಮಾತ್ರ ಹಾಕಿದೀನಿ, ಅಲ್ವಾ?”

ಈ ರೀತಿಯ ಬಜೆಟ್‌ಗಳಲ್ಲಿ ನಾನು ಹೆಚ್ಚಾಗಿ ನೋಡುವ ಕೊರತೆ ಇದೇ. ಸುತ್ತಾಟಕ್ಕೆ ಒಂದು ಕೊನೆ ಇದ್ದೇ ಇದೆ. ಮಂಡಿ ನೋವು ಬರಬಹುದು, ಕಣ್ಣು ಮಂಜಾಗಬಹುದು, ಇಬ್ಬರಲ್ಲಿ ಒಬ್ಬರು ಉಳಿಯಬಹುದು, ಅಥವಾ ಸಾಕು ಅನ್ನಿಸಬಹುದು. ಆ ದಿನ ಬೇಕಾಗುವ ಹಣವನ್ನು ಮೊದಲು ತೆಗೆದಿಟ್ಟು, ಉಳಿದದ್ದರಲ್ಲಿ ಸುತ್ತಬೇಕು. ಕ್ಯಾರವಾನ್ ಮಾರಿದರೆ ಬರುತ್ತೆ ಅಂತ ಆ ಹಣವನ್ನು ನಂಬುವ ಹಾಗಿಲ್ಲ. ಹೊಸ ಕ್ಯಾರವಾನ್ ಬೆಲೆ ಮೊದಲ ಕೆಲವು ವರ್ಷಗಳಲ್ಲೇ ಜಾಸ್ತಿ ಇಳಿಯುತ್ತೆ. ಅಷ್ಟು ಹೊತ್ತಿಗೆ ಮನೆಗಳ ಬೆಲೆ ಮೇಲೆ ಹೋಗಿದ್ದರೆ, ಮಾರಿದಂಥ ಮನೆಯನ್ನು ಮತ್ತೆ ಕೊಳ್ಳೋಕಾಗಲ್ಲ.

ಹಾಗಾಗಿ ನನ್ನ ಮೊದಲ ಸಲಹೆ: ಮನೆ ಮಾರಬೇಡಿ, ಕನಿಷ್ಠ ಎರಡು ವರ್ಷ. ಬಾಡಿಗೆಗೆ ಕೊಡಿ. ಹೊಸದರ ಬದಲು ಐದಾರು ವರ್ಷ ಹಳೆಯ ಕ್ಯಾರವಾನ್ ನೋಡಿ. ಇದರಿಂದ ಆದಾಯದ ಲೆಕ್ಕವೂ ಬದಲಾಯಿತು. ಮೊದಲು 60 ಪೆನ್ಶನ್, 40 ಉಳಿತಾಯದಿಂದ ತೆಗೆಯುವುದು ಅಂತಿತ್ತು. ಈಗ 60 ಪೆನ್ಶನ್, 22 ಮನೆ ಬಾಡಿಗೆ, 18 ಉಳಿತಾಯದಿಂದ. ಬಾಡಿಗೆಯನ್ನು ವರ್ಷಕ್ಕೆ 12 ತಿಂಗಳಲ್ಲ, 10 ತಿಂಗಳು ಮಾತ್ರ ಬರುತ್ತೆ ಅಂತ ಹಿಡಿದೆವು. ಮನೆ ಖಾಲಿ ಬೀಳುತ್ತೆ, ನಲ್ಲಿ ಸೋರುತ್ತೆ, ಸುಣ್ಣ ಬಣ್ಣ ಬೇಕಾಗುತ್ತೆ.

ಉಳಿತಾಯದ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಮೊದಲ ಯೋಜನೆಯಲ್ಲಿ ಅವರು ವರ್ಷಕ್ಕೆ ಸುಮಾರು ಶೇ. 7ರಷ್ಟು ಉಳಿತಾಯ ಕರಗಿಸುತ್ತಿದ್ದರು. 1994ರಲ್ಲಿ ಅಮೆರಿಕದ ಹಣಕಾಸು ಸಲಹೆಗಾರ ವಿಲಿಯಂ ಬೆಂಗೆನ್ ಹಾಕಿದ ಒಂದು ಲೆಕ್ಕ ನಮ್ಮ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತು. ಮೊದಲ ವರ್ಷ ಶೇ. 4ರಷ್ಟು ತೆಗೆದು, ಆಮೇಲೆ ಬೆಲೆ ಏರಿದಷ್ಟೇ ಏರಿಸುತ್ತಾ ಹೋದರೆ ಹಣ 30 ವರ್ಷ ಬಾಳುತ್ತೆ ಅನ್ನುವುದು ಅದರ ಸಾರ. ಅದು ಅಲ್ಲಿನ ಷೇರು ಮತ್ತು ಬಾಂಡ್‌ಗಳ ಹಳೆಯ ದಾಖಲೆ ಇಟ್ಟುಕೊಂಡು ಹಾಕಿದ್ದು, ಎಲ್ಲ ಕಡೆಗೂ ಹಾಗೇ ಹೊಂದುವುದಿಲ್ಲ. ಆದರೂ 4 ಮತ್ತು 7ರ ನಡುವಿನ ದೂರ ಕಣ್ಣಿಗೆ ಹೊಡೆಯುತ್ತೆ. ಯಜಮಾನರಿಗೆ ಇನ್ನೊಂದು ಸುಲಭದ ಲೆಕ್ಕ ತೋರಿಸಿದೆ. 72ನ್ನು ಬೆಲೆ ಏರಿಕೆಯ ದರದಿಂದ ಭಾಗಿಸಿ. ದರ ಶೇ. 6 ಇದ್ದರೆ 12 ಬರುತ್ತೆ. ಅಂದರೆ 12 ವರ್ಷಕ್ಕೆ ಖರ್ಚು ಎರಡು ಪಟ್ಟು. ಆಗ ಅವರಿಗೆ 75. ಅವರ ನೋಟ್‌ಬುಕ್‌ನಲ್ಲಿ ಹತ್ತನೇ ವರ್ಷದ ಡೀಸೆಲ್ ಕೂಡ ಇವತ್ತಿನ ಬೆಲೆಯಲ್ಲೇ ಇತ್ತು.

ಡೀಸೆಲ್‌ನಲ್ಲಿ ಇನ್ನೊಂದು ತಪ್ಪೂ ಇತ್ತು. ಗಾಡಿ ಲೀಟರಿಗೆ 12 ಕಿ.ಮೀ. ಕೊಡುತ್ತೆ ಅಂತ ಹಿಡಿದು, ತಿಂಗಳಿಗೆ 2000 ಕಿ.ಮೀ.ಗೆ 167 ಲೀಟರ್ ಬರೆದಿದ್ದರು. ಆದರೆ 12 ಅನ್ನುವುದು ಖಾಲಿ ಗಾಡಿಯದ್ದು. ಹಿಂದೆ ಗೋಡೆಯಂಥ ಕ್ಯಾರವಾನ್ ಕಟ್ಟಿದರೆ ಗಾಳಿಯನ್ನು ತಳ್ಳಿಕೊಂಡು ಹೋಗಬೇಕು, ಅಷ್ಟು ತೂಕ ಎಳೆಯಬೇಕು. ಏಳೂವರೆ ಸಿಕ್ಕರೆ ಹೆಚ್ಚು ಅಂತ ಹಿಡಿದೆವು. ಆಗ 267 ಲೀಟರ್. ಡೀಸೆಲ್ ಪಾಲು 25ರಿಂದ 40ಕ್ಕೆ ಏರಿತು. ಒಟ್ಟು 92 ಇದ್ದದ್ದು 107. ಉಳಿತಾಯ ಅಂದುಕೊಂಡಿದ್ದು ಸಾಲ ಆಯಿತು.

ಯಜಮಾನರು ಪೆಚ್ಚಾದರು. ನನಗೆ ಮಾತ್ರ ಇಲ್ಲೇ ದಾರಿ ಕಂಡಿತು. ವಿಮೆ ಕಟ್ಟಲೇಬೇಕು, ಔಷಧಿ ಬೇಕೇ ಬೇಕು. ಅವರ ಕೈಯಲ್ಲಿ ನಿಜವಾಗಿ ಇರುವ ಹಿಡಿತ ಒಂದೇ, ವೇಗ. ಅವರ ಯೋಜನೆಯಲ್ಲಿ ಮೂರು ದಿನಕ್ಕೊಂದು ಜಾಗ ಇತ್ತು. ರಜೆ ಹಾಕಿ ಪ್ರವಾಸ ಹೋಗುವವರು ಹಾಗೆ ಓಡುತ್ತಾರೆ, ಯಾಕೆಂದರೆ ಸೋಮವಾರ ಕೆಲಸಕ್ಕೆ ಬರಬೇಕು. ಇವರಿಗೆ ಯಾವ ಸೋಮವಾರ? ಒಂದು ಜಾಗದಲ್ಲಿ ಮೂರು ನಾಲ್ಕು ವಾರ ಇರಿ ಅಂದೆ. ತಿಂಗಳಿಗೆ 800 ಕಿ.ಮೀ. ಸಾಕು. ಡೀಸೆಲ್ 16ಕ್ಕೆ ಇಳಿಯಿತು. ಬಹಳ ಸೈಟ್‌ಗಳಲ್ಲಿ ವಾರದ ಅಥವಾ ತಿಂಗಳ ಬಾಡಿಗೆ ದಿನದ ಲೆಕ್ಕಕ್ಕಿಂತ ಕಡಿಮೆ ಬೀಳುತ್ತೆ. ಆ ಪಾಲು 30ರಿಂದ 20ಕ್ಕೆ ಬಂತು.

ಕರೆಂಟ್ ಇಲ್ಲದ ಅಗ್ಗದ ಜಾಗಗಳಲ್ಲೇ ಇದ್ದು ಬಾಡಿಗೆ ಇನ್ನೂ ಉಳಿಸಬಹುದಲ್ಲ ಅಂತ ಯಜಮಾನರು ಕೇಳಿದರು. ಉಳಿಸಬಹುದು, ಆದರೆ ಮೊದಲು ಬ್ಯಾಟರಿ, ಸೋಲಾರ್‌ಗೆ ಖರ್ಚು ಮಾಡಬೇಕು. ಸಾಮಾನ್ಯ ಲೆಡ್ ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಿದ್ದರೆ ಅದು ಬೇಗ ಸಾಯುತ್ತೆ. 100 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಬಳಕೆಗೆ ಸಿಗುವುದು 50ರಷ್ಟು. ಮೋಡ ಮುಸುಕಿದ ವಾರದಲ್ಲಿ ಸೋಲಾರ್ ಪ್ಯಾನೆಲ್ ಕೈ ಕೊಡುತ್ತೆ. ಆಕೆಗೆ ಬಿ.ಪಿ. ಇದೆ, ರಾತ್ರಿ ಕತ್ತಲಲ್ಲಿ ತಡಕಾಡುವ ವಯಸ್ಸೂ ಅಲ್ಲ. ತಿಂಗಳಿಗೆ ನಾಲ್ಕೈದು ರಾತ್ರಿ ಸಾಕು ಅಂತ ಒಪ್ಪಿದರು.

ರಿಪೇರಿಗೆ ಅವರು ಇಟ್ಟಿದ್ದ 3 ನೋಡಿ ನನಗೆ ನಿಜಕ್ಕೂ ಭಯವಾಗಿತ್ತು. ಕ್ಯಾರವಾನ್ ಟೈರ್ ಸವೆಯುವುದಕ್ಕಿಂತ ಮೊದಲು ಮುದಿಯಾಗುತ್ತೆ. ನಿಂತಲ್ಲೇ ನಿಂತು, ಬಿಸಿಲು ತಿಂದು, ಪಕ್ಕದಲ್ಲಿ ಬಿರುಕು ಬಿಡುತ್ತೆ. ಹಳೆಯ ಕ್ಯಾರವಾನ್ ನೋಡಲು ಹೋದಾಗ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿ ಓದಿ ಅಂತ ಹೇಳಿದೆ. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಮೇಲಿನ ಕಚ್ಚುಗಳು ಚೆನ್ನಾಗಿ ಕಂಡರೂ ವರ್ಷ ಹಳೆಯದಾಗಿದ್ದರೆ ಹೊಸ ಟೈರಿನ ದುಡ್ಡು ಬೆಲೆಯಲ್ಲೇ ಕಳೆಯಿರಿ. ಕಿಟಕಿಯ ಅಂಚು, ಮೂಲೆಗಳ ಜೋಡಣೆ, ಬೀರುವಿನ ಒಳಗೋಡೆ ಎಲ್ಲ ಬೆರಳಿನಿಂದ ಒತ್ತಿ ನೋಡಿ. ಮೆತ್ತಗಾದರೆ ನೀರು ಒಳಗೆ ಇಳಿದಿದೆ. ಆ ರಿಪೇರಿ ಒಂದು ಇಡೀ ವರ್ಷದ ಹಣ ನುಂಗಬಹುದು.

ಜನ ಮರೆಯುವ ಇನ್ನೊಂದು ಸಂಗತಿ ಇದೆ. ಕ್ಯಾರವಾನ್ ವರ್ಕ್‌ಶಾಪ್‌ಗೆ ಹೋದರೆ ಮನೆಯೇ ವರ್ಕ್‌ಶಾಪ್‌ಗೆ ಹೋದ ಹಾಗೆ. ಆ ಒಂದು ವಾರ ಲಾಡ್ಜಿನಲ್ಲಿರಬೇಕು, ಹೊರಗೆ ಊಟ ಮಾಡಬೇಕು. ಅದನ್ನೂ ಸೇರಿಸಿ ರಿಪೇರಿಗೆ 10 ಇಟ್ಟೆವು. ಖರ್ಚಾಗದ ತಿಂಗಳು ಅದು ಬೇರೆ ಖಾತೆಯಲ್ಲಿ ಕೂರಬೇಕು, ಮುಟ್ಟೋ ಹಾಗಿಲ್ಲ.

ಔಷಧಿ ಮತ್ತು ಡಾಕ್ಟರಿಗೂ 4ರ ಬದಲು 10. ವರ್ಷಕ್ಕೆರಡು ಸಲ ತಮ್ಮ ಹಳೆಯ ಡಾಕ್ಟರ ಹತ್ತಿರ ಬಂದು ತಪಾಸಣೆ ಮಾಡಿಸಿಕೊಳ್ಳುವ ಪ್ರಯಾಣ ಅದರೊಳಗೇ ಬರುತ್ತೆ. ವಿಮೆಯವರನ್ನು ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಿ ಅಂತಲೂ ಹೇಳಿದೆ: ‘ವರ್ಷಪೂರ್ತಿ ಇದರಲ್ಲೇ ವಾಸ ಮಾಡಿದರೆ ಈ ಪಾಲಿಸಿ ನಡೆಯುತ್ತಾ?’ ರಜೆಯ ಓಡಾಟಕ್ಕೆ ಕೊಟ್ಟ ಪಾಲಿಸಿ ಕಾಯಂ ವಾಸಕ್ಕೆ ಆಗದೆ ಹೋಗಬಹುದು. ಬ್ಯಾಂಕು, ಪೆನ್ಶನ್ ಪತ್ರಕ್ಕೆಲ್ಲ ಒಂದು ಕಾಯಂ ವಿಳಾಸವೂ ಬೇಕು.

ಊಟ ತಿಂಡಿಗೆ 22, ವಿಮೆ ಮತ್ತು ಫೋನಿಗೆ 9, ಇತರೆ 5. ಕೂಡಿಸಿದರೆ ಮತ್ತೆ 92 ಬಂತು. ಯಜಮಾನರು ಎರಡು ಸಲ ಕೂಡಿದರು. ಉಳಿದ 8ಕ್ಕೆ ಈ ಸಲ ಹೆಸರಿತ್ತು. ಆಕೆಯೇ ಪೆನ್ ತೆಗೆದುಕೊಂಡು ‘ವಾಪಸ್ ಬರುವ ಹಣ’ ಅಂತ ಬರೆದರು.

ತೂಕದ ವಿಷಯದಲ್ಲಿ ಸ್ವಲ್ಪ ಜಗಳವೇ ಆಯಿತು. ಅವರು ನೋಡಿದ್ದ ಕ್ಯಾರವಾನ್‌ನಲ್ಲಿ ಸಾಮಾನಿಗೆ ಅವಕಾಶ 250 ಕೆ.ಜಿ. ಇತ್ತು. ಟ್ಯಾಂಕಿನಲ್ಲಿ 100 ಲೀಟರ್ ನೀರು ತುಂಬಿದರೆ ಅದೇ 100 ಕೆ.ಜಿ. ಉಳಿದದ್ದು 150. ಮನೆಯ ತೂಕದ ಯಂತ್ರದ ಮೇಲೆ ಒಂದೊಂದೇ ಸಾಮಾನಿಟ್ಟು ಪಟ್ಟಿ ಮಾಡಿಕೊಂಡು ಬಂದಿದ್ದರು, ನೀರು ಬಿಟ್ಟೇ 310 ಆಗಿತ್ತು. ಮಿತಿ ಮೀರಿದರೆ ಟೈರು, ಬ್ರೇಕು ಎರಡಕ್ಕೂ ಅಪಾಯ, ಅಪಘಾತವಾದರೆ ವಿಮೆಗೂ ತಕರಾರು. ಯಜಮಾನರು ಮೊದಲು ಗೆರೆ ಎಳೆದದ್ದು ಹೆಂಡತಿಯ ಹೊಲಿಗೆ ಮಿಷನ್ ಮೇಲೆ, 12 ಕೆ.ಜಿ. ನಾನು ತಡೆದೆ. ಪಟ್ಟಿಯಲ್ಲಿ ಆಕೆಗೇ ಅಂತ ಇದ್ದದ್ದು ಅದೊಂದೇ. ಅವರ ಸ್ಪ್ಯಾನರ್ ಪೆಟ್ಟಿಗೆಗಳು ಎರಡಿದ್ದವು, ಒಂದು ಹೋಯಿತು. ನೀರನ್ನು ಟ್ಯಾಂಕಿನ ಕಾಲು ಭಾಗ ತುಂಬಿಸಿಕೊಂಡು ಓಡಾಡಿ, ತಲುಪಿದ ಮೇಲೆ ಪೂರ್ತಿ ತುಂಬಿಸಿ ಅಂದೆ. ಮಿಷನ್ ಉಳಿಯಿತು.

ಇಷ್ಟೆಲ್ಲ ಆದ ಮೇಲೂ ಇದು ಹಾಳೆಯ ಮೇಲಿನ ಲೆಕ್ಕ. ಆರು ವಾರ ಬಾಡಿಗೆ ಕ್ಯಾರವಾನ್‌ನಲ್ಲಿ ಇದ್ದು ಬನ್ನಿ, ಅದೂ ಮಳೆ ಇರುವ ದಿನಗಳಲ್ಲಿ, ಪ್ರತಿ ಬಿಲ್ ಇಟ್ಟುಕೊಳ್ಳಿ ಅಂತ ಕಳಿಸಿದೆ. ಬಾಡಿಗೆ ಗಾಡಿಗೆ ಹೋದ ಹಣ ದಂಡ ಅಂತ ಅವರಿಗೆ ಅನ್ನಿಸಿತ್ತು. ಕೊಂಡ ಮೇಲೆ ಬೇಡ ಅನ್ನಿಸಿದರೆ ಕಳೆಯುವುದರ ಮುಂದೆ ಅದು ಚಿಕ್ಕದು.

ಹನ್ನೊಂದನೇ ದಿನ ಜೋರು ಜಗಳವಾಯಿತಂತೆ. ಮೂರು ದಿನ ಬಿಡದ ಮಳೆ, ಒದ್ದೆ ಬಟ್ಟೆ ಒಣಗಿಸಲು ಜಾಗವಿಲ್ಲ, ಒಬ್ಬರು ಎದ್ದರೆ ಇನ್ನೊಬ್ಬರು ಕೂರಬೇಕು. ಆಮೇಲೆ ಒಂದು ಒಪ್ಪಂದ ಮಾಡಿಕೊಂಡರು: ದಿನಕ್ಕೆ ಎರಡು ಗಂಟೆ ಇಬ್ಬರೂ ಬೇರೆ ಬೇರೆ. ಬಿಲ್‌ಗಳನ್ನು ನನ್ನ ಮೇಜಿನ ಮೇಲೆ ಹರಡಿದರು. ಡೀಸೆಲ್ ನಮ್ಮ ಲೆಕ್ಕಕ್ಕಿಂತ ಕಡಿಮೆ, ಊಟಕ್ಕೆ ಜಾಸ್ತಿ. ಮಳೆಯಲ್ಲಿ ಒಲೆ ಹಚ್ಚುವ ಮನಸ್ಸಾಗದೆ ಹೊರಗೆ ತಿಂದಿದ್ದರು. 22 ಇದ್ದದ್ದನ್ನು 25 ಮಾಡಿ, ಸೈಟ್ ಬಾಡಿಗೆಯಿಂದ ಒಂದು, ಡೀಸೆಲ್‌ನಿಂದ ಎರಡು ಇಳಿಸಿದೆವು.

ಆಕೆ ಮಾತ್ರ ಬೇರೆಯದೇ ಸುದ್ದಿ ತಂದಿದ್ದರು. ಖಾಲಿ ಮೈದಾನದಲ್ಲಿ ನಾಲ್ಕು ದಿನ ರಿವರ್ಸ್ ಕಲಿತರಂತೆ. ಸ್ಟೇರಿಂಗ್ ಮೇಲ್ಭಾಗ ಹಿಡಿದರೆ ಎಲ್ಲ ಉಲ್ಟಾ ಹೋಗುತ್ತೆ, ಕೆಳಭಾಗ ಹಿಡಿದರೆ ಕೈ ಹೋದ ಕಡೆಗೇ ಕ್ಯಾರವಾನ್ ತಿರುಗುತ್ತೆ ಅಂತ ನನ್ನ ಮೇಜಿನ ಅಂಚು ಹಿಡಿದು ಮಾಡಿ ತೋರಿಸಿದರು. ಎರಡು ಸಲ ಕಂಬಕ್ಕೆ ತಾಗಿಸುವುದರಲ್ಲಿದ್ದರಂತೆ. ಯಜಮಾನರು ಪಕ್ಕದಲ್ಲಿ ಕೂತು ನೋಡುತ್ತಿದ್ದರು, ನಡುವೆ ಬಾಯಿ ಹಾಕಲಿಲ್ಲ.

ಈಗ ಒಂದು ಹಳೆಯ ಕ್ಯಾರವಾನ್ ನೋಡಿಟ್ಟಿದ್ದಾರೆ. ಟೈರಿನ ಅಂಕಿ ಓದಿದ್ದಾರೆ, ಎರಡು ಬದಲಿಸಬೇಕು. ಸುತ್ತಾಟ ಯಾವಾಗ ನಿಲ್ಲಿಸುವುದು ಅನ್ನುವುದಕ್ಕೆ ಮೂರು ಗುರುತುಗಳನ್ನು ಇಬ್ಬರೂ ಸೇರಿ ಬರೆದು ಸಹಿ ಹಾಕಿದ್ದಾರೆ. ಇಬ್ಬರಲ್ಲಿ ಯಾರಿಗೇ ಆಗಲಿ ಗಾಡಿ ಜೋಡಿಸಲು, ಓಡಿಸಲು ಆಗದೆ ಹೋದರೆ ಅನ್ನುವುದು ಮೊದಲನೆಯದು. ವಿಮೆಯವರಿಂದ ಬರಹದ ಉತ್ತರ ಮಾತ್ರ ಇನ್ನೂ ಬಂದಿಲ್ಲ. ಅದು ಕೈಗೆ ಸಿಗುವವರೆಗೆ ಮುಂಗಡ ಕೊಡಬೇಡಿ ಅಂತ ಹೇಳಿ ಕಳಿಸಿದ್ದೇನೆ.